ಧ್ವನಿಯೇ ಇಲ್ಲದ ಧ್ವನಿಶಾಸ್ತ್ರ ಪರೀಕ್ಷೆ

ನಮ್ಮ ಕಡೆ ಫೊನೆಟಿಕ್ಸ್, ಅಂದರೆ ಧ್ವನಿಶಾಸ್ತ್ರದ, ಪ್ರಶ್ನೆಪತ್ರಿಕೆ ಹೇಗಿರುತ್ತದೆ ಅಂತ ಇಂಗ್ಲಿಷ್ ಎಂ.ಎ. ಮಾಡಿದ ಯಾರನ್ನಾದರೂ ಕೇಳಿ ನೋಡಿ. ಮಾತಿನ ಅಂಗಗಳ ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ಕೆಳಗಿನ ಪದಗಳ ಟ್ರಾನ್ಸ್‌ಕ್ರಿಪ್ಶನ್ (ಉಚ್ಚಾರಣೆಯನ್ನು ಧ್ವನಿ ಸಂಕೇತಗಳಲ್ಲಿ) ಬರೆಯಿರಿ. ಈ ಧ್ವನಿಗಳ ಮೂರು ಪದದ ಹೆಸರು (ಘೋಷ, ಸ್ಥಾನ, ರೀತಿ) ಕೊಡಿ. ಸ್ವರ ವ್ಯಂಜನಗಳ ವ್ಯತ್ಯಾಸದ ಬಗ್ಗೆ ಟಿಪ್ಪಣಿ. ಅಷ್ಟೇ, ಮೂರು ಗಂಟೆ ಮುಗಿಯಿತು. ಆ ಮೂರು ಗಂಟೆಯಲ್ಲಿ ಇಡೀ ಹಾಲ್‌ನಲ್ಲಿ ಒಬ್ಬರೂ ಒಂದು ಧ್ವನಿಯನ್ನು ಕೇಳಿಸಿಕೊಳ್ಳುವುದಿಲ್ಲ, ಒಬ್ಬರೂ ಒಂದು ಧ್ವನಿ ಹೊರಡಿಸುವುದಿಲ್ಲ. ಹೊರಡಿಸಿದರೆ ಇನ್ವಿಜಿಲೇಟರ್ ಬೈಯುತ್ತಾರೆ.

ನಾನು ಇದೇ ವಿಷಯ ಕಲಿಸುವವಳು. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಬಾಗಿಲು ಹಾಕಿದಾಗ ಸ್ಟಾಫ್ ಗ್ರೂಪಿನಲ್ಲಿ ಎಲ್ಲರದೂ ಒಂದೇ ಗೋಳು. ಪೊಯಟ್ರಿ ಆದರೆ ಹೇಗೋ ನಡೆಯುತ್ತೆ, ಫೊನೆಟಿಕ್ಸನ್ನು ಆನ್‌ಲೈನಲ್ಲಿ ಪರೀಕ್ಷೆ ಮಾಡೋದು ಹೇಗೆ ಮೇಡಂ? ನನಗೆ ಅದು ಸ್ವಲ್ಪ ತಮಾಷೆಯಾಗಿ ಕಂಡಿತು. ಕ್ಲಾಸಿನಲ್ಲಿ ಕೂರಿಸಿಕೊಂಡಾಗ ನಾವು ಅದನ್ನು ಪರೀಕ್ಷೆ ಮಾಡುತ್ತಿದ್ದದ್ದಾದರೂ ಎಲ್ಲಿ?

ಈ ಬರಹ ಆ ಮಾತಿನ ಬಗ್ಗೆಯೇ. ಆನ್‌ಲೈನ್ ಪರೀಕ್ಷೆಗೆ ನೂರು ತೊಂದರೆ ಇದೆ, ಅವನ್ನು ಮುಂದೆ ಹೇಳುತ್ತೇನೆ. ಆದರೆ ನನ್ನ ವಿದ್ಯಾರ್ಥಿಗಳ ಕಿವಿಗೂ ಬಾಯಿಗೂ ಮಾರ್ಕ್ಸ್ ಸಿಕ್ಕಿದ್ದು ಆನ್‌ಲೈನ್ ಬಂದ ಮೇಲೆ. ಯಾಕೆಂದರೆ ಕಾಗದಕ್ಕೆ ಆಡಿಯೋ ಅಂಟಿಸೋಕಾಗಲ್ಲ, ಆನ್‌ಲೈನ್ ಫಾರ್ಮಿಗೆ ಅಂಟಿಸಬಹುದು.

ಮೊದಲು ತಿಳಿವಳಿಕೆಯ ಭಾಗ ಮುಗಿಸಿಬಿಡೋಣ, ಅದರಲ್ಲಿ ಹೇಳುವಂಥದ್ದು ಕಡಿಮೆ. ಎರಡೂ ತುಟಿ ಸೇರಿಸಿ, ಗಂಟಲ ತಂತುಗಳು ಅದುರುವ ಹಾಗೆ ಹೇಳುವ ಸ್ಪರ್ಶ ಧ್ವನಿ ಯಾವುದು ಅಂತ ಕೇಳಿದರೆ ಮನೆಯಲ್ಲಿ ಕೂತ ಹುಡುಗ ಸರ್ಚ್ ಮಾಡುತ್ತಾನೆ. ಹಾಲ್‌ನಲ್ಲಿ ಕೂತ ಹುಡುಗ ಗೈಡ್‌ನಲ್ಲಿ ಓದಿದ್ದು ನೆನಪು ಮಾಡಿಕೊಳ್ಳುತ್ತಾನೆ. ಎರಡರಿಂದಲೂ ಅವನಿಗೆ ‘ಬ’ ಮತ್ತು ‘ಭ’ ಬೇರೆಬೇರೆಯಾಗಿ ಕೇಳಿಸುತ್ತದಾ ಅನ್ನುವುದು ಗೊತ್ತಾಗುವುದಿಲ್ಲ. ಬಹು ಆಯ್ಕೆಯ ಪ್ರಶ್ನೆಗಳನ್ನು ನಾನು ಈಗಲೂ ಕೊಡುತ್ತೇನೆ, ಪುಸ್ತಕ ತೆರೆದುಕೊಂಡೇ ಬರೆಯಿರಿ ಅಂತ ಹೇಳಿಯೇ ಕೊಡುತ್ತೇನೆ. ಓದಿಸುವುದಕ್ಕೆ ಅದೊಂದು ನೆಪ.

ಟ್ರಾನ್ಸ್‌ಕ್ರಿಪ್ಶನ್ ಕಥೆ ಬೇರೆ. ನೋಡೋಕೆ ಅದು ಕಿವಿಯ ಪರೀಕ್ಷೆ ಥರ ಇದೆ, ಆದರೆ ಅಲ್ಲ. ಪತ್ರಿಕೆಯಲ್ಲಿ ಅಚ್ಚಾದ ಪದವನ್ನು ಕಣ್ಣಿನಿಂದ ಓದಿ, ಡಿಕ್ಷನರಿಯಲ್ಲಿ ಇರುವ ಉಚ್ಚಾರಣೆಯನ್ನು ನೆನಪಿನಿಂದ ಬರೆಯುವುದು. ಡಿಕ್ಷನರಿಯಲ್ಲಿರುವುದು ದಕ್ಷಿಣ ಇಂಗ್ಲೆಂಡಿನ ಒಂದು ವರ್ಗದ ಜನರ ಉಚ್ಚಾರಣೆ. ನಮ್ಮ ಹುಡುಗರು ಅದನ್ನು ಯಾರ ಬಾಯಲ್ಲೂ ಎದುರಾಎದುರು ಕೇಳಿರುವುದಿಲ್ಲ. ಹಾಗಾಗಿ ಏನಾಗುತ್ತದೆ? ‘ಡಾಗ್ಸ್’ ಪದದ ಕೊನೆಗೆ ಜೇನುಹುಳ ಗುಂಯ್‌ಗುಡುವಂಥ ಘೋಷ (ಗಂಟಲ ತಂತು ಅದುರುವ) ಧ್ವನಿ ಬರುತ್ತದೆ ಅಂತ ಸರಿಯಾಗಿ ಬರೆಯುತ್ತಾರೆ, ಪೂರ್ತಿ ಅಂಕ ತಗೊಳ್ಳುತ್ತಾರೆ, ಹೊರಗೆ ಬಂದು ಅದೇ ಪದವನ್ನು ಶುದ್ಧ ‘ಸ್’ ಹಾಕಿ ಹೇಳುತ್ತಾರೆ. ‘ಎಕ್ಸಾಮ್’ ಕೂಡ ಹಾಗೇ. ಬರೆಯುವಾಗ ಗ್ ಮತ್ತು ಜ಼್, ಹೇಳುವಾಗ ಕ್ ಮತ್ತು ಸ್. ಹಾಗೆ ಹೇಳುವುದು ತಪ್ಪು ಅಂತ ನಾನು ಅನ್ನುತ್ತಿಲ್ಲ, ಅದು ನಮ್ಮ ಇಂಗ್ಲಿಷ್. ಆದರೆ ತಾನು ಬರೆದದ್ದಕ್ಕೂ ಹೇಳಿದ್ದಕ್ಕೂ ವ್ಯತ್ಯಾಸ ಇದೆ ಅನ್ನುವುದೇ ಕೇಳಿಸದಿದ್ದರೆ ಅದು ಫೊನೆಟಿಕ್ಸ್ ಅಲ್ವಲ್ಲ.

ಈ ಶಾಸ್ತ್ರ ಹುಟ್ಟಿದ್ದು ಹೀಗಲ್ಲ. 1886ರಲ್ಲಿ ಪ್ಯಾರಿಸ್‌ನಲ್ಲಿ ಪೌಲ್ ಪಾಸಿ ಮತ್ತು ಇನ್ನು ಕೆಲವು ಭಾಷಾ ಮೇಷ್ಟ್ರುಗಳು ಸೇರಿ ಕಟ್ಟಿದ ಸಂಘವೇ ಇವತ್ತಿನ ಇಂಟರ್‌ನ್ಯಾಷನಲ್ ಫೊನೆಟಿಕ್ ಅಸೋಸಿಯೇಷನ್. ಆ ಸಂಘ 1908ರಿಂದ ಸರ್ಟಿಫಿಕೇಟ್ ಪರೀಕ್ಷೆ ಕೊಡುತ್ತಾ ಬಂದಿದೆ, ಅದರಲ್ಲಿ ಬರಹದ ಜೊತೆ ಡಿಕ್ಟೇಷನ್ ಇದೆ, ಬಾಯಿಯಲ್ಲಿ ಹೇಳಿ ತೋರಿಸುವುದೂ ಇದೆ. ಲಂಡನ್‌ನಲ್ಲಿ ಫೊನೆಟಿಕ್ಸ್ ಕಲಿಸುತ್ತಿದ್ದ ಡೇನಿಯಲ್ ಜೋನ್ಸ್, ಕಾರ್ಡಿನಲ್ ಸ್ವರಗಳನ್ನು (ಬೇರೆ ಸ್ವರಗಳನ್ನು ಹೋಲಿಸಿ ನೋಡುವುದಕ್ಕೆ ಇಟ್ಟುಕೊಂಡ ಗುರುತಿನ ಸ್ವರಗಳನ್ನು) ಪುಸ್ತಕ ಓದಿ ಕಲಿಯೋಕಾಗಲ್ಲ ಅಂತ ಗೊತ್ತಿದ್ದೇ 1917ರಲ್ಲಿ ಅವನ್ನು ಗ್ರಾಮಫೋನ್ ತಟ್ಟೆಗೆ ಹೇಳಿದರು. ಅವರು ತಟ್ಟೆಗೆ ಹೇಳಿ ನೂರು ವರ್ಷ ದಾಟಿದೆ, ನಾವು ಇನ್ನೂ ಆ ಎಂಟು ಸ್ವರಗಳ ಚತುರ್ಭುಜದ ಚಿತ್ರಕ್ಕೆ ಐದು ಅಂಕ ಕೊಡುತ್ತಿದ್ದೇವೆ.

ಡಿಕ್ಟೇಷನ್ ಅಂದೆನಲ್ಲ, ಅದರಲ್ಲೂ ಅರ್ಥವಿಲ್ಲದ ಪದಗಳ ಡಿಕ್ಟೇಷನ್ ನನ್ನ ಮೆಚ್ಚಿನದು. ‘ಙೆಟೂಭ’ ಅಂತ ಯಾವ ಭಾಷೆಯಲ್ಲೂ ಇಲ್ಲದ (ಇದ್ದರೆ ಕ್ಷಮಿಸಿ) ಒಂದು ಪದ ಹೇಳುತ್ತೇನೆ. ಕೇಳಿದವರು ಬರೆಯಬೇಕು. ಡಿಕ್ಷನರಿ ಇಲ್ಲ, ಸ್ಪೆಲಿಂಗ್ ಇಲ್ಲ, ಊಹೆಗೆ ಆಸರೆ ಇಲ್ಲ. ಕಿವಿಯೊಂದೇ. ಕನ್ನಡದವರಿಗೆ ಇದರಲ್ಲಿ ಮೊದಲ ಏಟು ಬೀಳುವುದೇ ಮೊದಲ ಅಕ್ಷರಕ್ಕೆ. ಒಂದನೇ ಕ್ಲಾಸಿನಿಂದ ‘ಕ ಖ ಗ ಘ ಙ’ ಹಾಡಿಕೊಂಡು ಬಂದವರೇ, ಆದರೂ ಪದದ ಶುರುವಿಗೆ ಙ ಬಂದರೆ ಅರ್ಧ ಜನ ‘ನ’ ಬರೆಯುತ್ತಾರೆ, ಉಳಿದರ್ಧ ‘ಗ’. ಆ ಅಕ್ಷರ ನಮಗೆ ಗೊತ್ತು, ಆ ಧ್ವನಿ ಆ ಜಾಗದಲ್ಲಿ ಗೊತ್ತಿಲ್ಲ.

ಇನ್ನೊಂದು ಜೋಡಿ ಹೇಳುತ್ತೇನೆ. ಕುಡಿಯುವ ವೈನ್ (wine), ದ್ರಾಕ್ಷಿ ಬಳ್ಳಿ ಅನ್ನುವ ಅರ್ಥದ ವೈನ್ (vine). ಇಂಗ್ಲಿಷಿನಲ್ಲಿ ಒಂದು ತುಟಿಗಳನ್ನು ದುಂಡಗೆ ಮಾಡಿ ಶುರುವಾಗುತ್ತದೆ, ಇನ್ನೊಂದರಲ್ಲಿ ಮೇಲಿನ ಹಲ್ಲು ಕೆಳತುಟಿಗೆ ಉಜ್ಜುತ್ತದೆ. ನಮ್ಮ ‘ವ’ ಇವೆರಡರ ನಡುವೆ ಎಲ್ಲೋ ಇದೆ, ಉಜ್ಜುವುದೂ ಇಲ್ಲ, ದುಂಡಗೂ ಆಗುವುದಿಲ್ಲ. ಎರಡೂ ಪದ ಕನ್ನಡದಲ್ಲಿ ಬರೆದರೆ ಒಂದೇ. ಮೂರ್ನಾಲ್ಕು ವಾರ ಕೇಳಿಸಿದ ಮೇಲೂ ಎಂ.ಎ. ವಿದ್ಯಾರ್ಥಿಗಳು ಇದರಲ್ಲಿ ನಾಣ್ಯ ಚಿಮ್ಮಿದ ಹಾಗೆ ಉತ್ತರ ಕೊಡುತ್ತಿದ್ದರು. ಇದೇ ವಿದ್ಯಾರ್ಥಿಗಳು ಕಾಗದದಲ್ಲಿ ಎರಡರ ಸಂಕೇತವನ್ನೂ ಹೆಸರನ್ನೂ ತಪ್ಪಿಲ್ಲದೆ ಬರೆಯುತ್ತಾರೆ.

ಸರಿ, ಈಗ ತೊಂದರೆಗಳು. ಮೊದಲನೆಯದು ಆಡಿಯೋ.

ಹಳೆಯ ಫೋನ್ ಲೈನು ಸಾಗಿಸುತ್ತಿದ್ದದ್ದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. ‘ಸ’ಕಾರದ ಬಲ ಇರುವುದು ಹೆಚ್ಚಾಗಿ 4000 ಹರ್ಟ್ಸ್‌ಗಿಂತ ಮೇಲೆ. ಅದಕ್ಕೇ ಫೋನಿನಲ್ಲಿ ಹೆಸರು ಹೇಳುವಾಗ ‘ಎಸ್ಸಾ, ಎಫ್ಫಾ’ ಅಂತ ಎರಡೆರಡು ಸಲ ಕೇಳುತ್ತಿದ್ದದ್ದು. ಈಗಿನ ವಿಡಿಯೋ ಕಾಲ್‌ಗಳು ಅದಕ್ಕಿಂತ ಎಷ್ಟೋ ವಾಸಿ, ಆದರೆ ಅವುಗಳಲ್ಲಿ ಬೇರೆ ಕಾಟ ಇದೆ. ಫ್ಯಾನಿನ ಸದ್ದು ತೆಗೆಯುವುದಕ್ಕೆ ಅಂತ ಅವು ಶಬ್ದ ತಗ್ಗಿಸುವ ವ್ಯವಸ್ಥೆ ಇಟ್ಟುಕೊಂಡಿರುತ್ತವೆ. ಸ, ಶ, ಇಂಗ್ಲಿಷಿನ ಎಫ್, ಇವೆಲ್ಲ ಭೌತಶಾಸ್ತ್ರದ ಲೆಕ್ಕದಲ್ಲಿ ಗಾಳಿಯ ಸದ್ದೇ ತಾನೇ? ಸಾಫ್ಟ್‌ವೇರು ಅವನ್ನೂ ಒರೆಸಿಹಾಕುತ್ತದೆ. ಅಯ್ಯೋ ಪಾಪ ಅನ್ನುವಾಗ ನಾವು ‘ಚ್ ಚ್’ ಅಂತ ನಾಲಿಗೆ ಸದ್ದು ಮಾಡುತ್ತೇವಲ್ಲ, ದಕ್ಷಿಣ ಆಫ್ರಿಕಾದ ಜುಲು, ಖೋಸಾ ಭಾಷೆಗಳಲ್ಲಿ ಆ ಥರದ್ದು ಮಾಮೂಲಿ ವ್ಯಂಜನ. ಒಂದು ಕ್ಲಾಸಿನಲ್ಲಿ ಅದನ್ನು ಹೇಳಿಕೊಡುತ್ತಾ ಇದ್ದೆ, ಆ ಕಡೆ ನಾನು ಸುಮ್ನೆ ಬಾಯಿ ಆಡಿಸುತ್ತಿದ್ದ ಹಾಗೆ ಕಂಡಿತಂತೆ. ‘ಮೇಡಂ, ಮ್ಯೂಟ್‌ನಲ್ಲಿದ್ದೀರಿ’ ಅಂತ ಹತ್ತು ಮೆಸೇಜ್. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಅಂತ ಒಂದು ಆಯ್ಕೆ ಇದೆ, ಸಂಗೀತದವರಿಗಾಗಿ ಮಾಡಿದ್ದು. ಫೊನೆಟಿಕ್ಸ್ ಕಲಿಸುವವರು ಮೊದಲು ಅದನ್ನು ಆನ್ ಮಾಡಬೇಕು.

ಅದಕ್ಕಿಂತ ಒಳ್ಳೆಯದು, ಪರೀಕ್ಷೆಯ ಧ್ವನಿಯನ್ನು ಕಾಲ್‌ನಲ್ಲಿ ಕೇಳಿಸಲೇಬಾರದು. ಮೊದಲೇ ರೆಕಾರ್ಡ್ ಮಾಡಿ ಫೈಲ್ ಕಳಿಸಿ. ಐದು ಸೆಕೆಂಡಿನ, ಸಿ.ಡಿ. ಗುಣಮಟ್ಟದ, ಒಂದೇ ಚಾನೆಲ್ಲಿನ ವೇವ್ ಫೈಲು ಅರ್ಧ ಎಂ.ಬಿ. ಕೂಡ ಆಗುವುದಿಲ್ಲ. ತಾರಸಿ ಹತ್ತಿದರೆ ಮಾತ್ರ ನೆಟ್‌ವರ್ಕ್ ಸಿಗುವ ಊರಿನಲ್ಲಿರುವ ಹುಡುಗಿಯೂ ಒಂದು ಸಲ ಹತ್ತಿ ಡೌನ್‌ಲೋಡ್ ಮಾಡಿಕೊಂಡು ಕೆಳಗಿಳಿದು ಆರಾಮಾಗಿ ಕೇಳಿ ಬರೆಯಬಹುದು. ಒಂದು ಗಂಟೆಯ ವಿಡಿಯೋ ಕಾಲ್ ವೈವಾಗೆ ಹೋಲಿಸಿದರೆ ಡೇಟಾ ಖರ್ಚು ಏನೂ ಇಲ್ಲ. ಮನೆಯಲ್ಲಿ ಒಂದೇ ಫೋನು, ಅದರಲ್ಲಿ ತಮ್ಮನ ಕ್ಲಾಸೂ ನಡೀಬೇಕು ಅನ್ನುವವರಿಗೆ ಇದು ಸಣ್ಣ ವಿಷಯ ಅಲ್ಲ.

ವಿದ್ಯಾರ್ಥಿಗಳ ಕಡೆಯಿಂದ ಬರುವ ಆಡಿಯೋಗೂ ಅದೇ ಮಾತು. ವಾಟ್ಸಾಪ್ ವಾಯ್ಸ್ ನೋಟ್ ಬೇಡ, ಅದು ಜಾಗ ಉಳಿಸುವುದಕ್ಕೆ ಧ್ವನಿಯನ್ನು ಹಿಂಡುತ್ತದೆ. ಫೋನಿನ ರೆಕಾರ್ಡರ್‌ನಲ್ಲಿ ಹೇಳಿ, ವಾಟ್ಸಾಪಿನಲ್ಲೇ ಕಳಿಸುವುದಾದರೂ ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನುತ್ತೇನೆ. ಕಿವಿಯಿಂದ ಕೇಳಿ ಅಂಕ ಹಾಕುವುದಕ್ಕೆ ಇಷ್ಟು ಸಾಕು. ಸ್ವರಗಳ ಫಾರ್ಮಂಟ್ (ಬಾಯಿಯ ಆಕಾರಕ್ಕೆ ತಕ್ಕ ಹಾಗೆ ಬಲವಾಗುವ ಕಂಪನಾಂಕ) ಅಳೆಯುವ ಅಸೈನ್‌ಮೆಂಟ್ ಕೊಟ್ಟರೆ ಮಾತ್ರ ಹಿಂಡಿದ ಫೈಲನ್ನೂ ಕಾಲ್ ರೆಕಾರ್ಡಿಂಗನ್ನೂ ನಂಬಬೇಡಿ. ಹಿನ್ನೆಲೆಯಲ್ಲಿ ಕುಕ್ಕರ್ ಕೂಗುವುದು, ಹುಂಜ ಕೂಗುವುದು ಇದ್ದೇ ಇದೆ. ಅದಕ್ಕೆ ನಾನು ಯಾವತ್ತೂ ಅಂಕ ಕಳೆದಿಲ್ಲ.

ಎರಡನೇ ತೊಂದರೆ ಯಾರೂ ಮೊದಲೇ ಹೇಳಿಕೊಡದೇ ಇದ್ದದ್ದು, ಸಂಕೇತಗಳನ್ನು ಟೈಪ್ ಮಾಡಿಸುವುದು. ಧ್ವನಿ ಸಂಕೇತಗಳು ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಕಂಪ್ಯೂಟರು ಬಳಸುವ ಸಂಖ್ಯೆಯ ಪಟ್ಟಿಯಲ್ಲಿ) ಇವೆ, ಆದರೆ ಅವಕ್ಕೆ ತದ್ರೂಪಿಗಳೂ ಇವೆ. ಇಂಗ್ಲಿಷಿನ ‘about’ ಪದದ ಮೊದಲ ಸ್ವರಕ್ಕೆ ಹಾಕುವ, ತಲೆಕೆಳಗಾದ ‘e’ ಥರದ ಷ್ವಾ ಚಿಹ್ನೆ ಇದೆಯಲ್ಲ, ಅದೇ ಥರ ಕಾಣುವ ಇನ್ನೊಂದು ಅಕ್ಷರ ಯೂನಿಕೋಡ್‌ನಲ್ಲಿ ಬೇರೆ ಜಾಗದಲ್ಲಿ ಕೂತಿದೆ. ದೀರ್ಘದ ಗುರುತು ಎರಡು ಪುಟ್ಟ ತ್ರಿಕೋನ, ಮಕ್ಕಳು ಹಾಕುವುದು ಮಾಮೂಲಿ ಕೋಲನ್. ಒತ್ತಿನ ಗುರುತಿನ ಜಾಗದಲ್ಲಿ ಅಪಾಸ್ಟ್ರಫಿ. ‘ಗ’ಕಾರದ ಸಂಕೇತಕ್ಕೆ ಕೀಬೋರ್ಡಿನ ಜಿ. ಕಣ್ಣಿಗೆ ಎಲ್ಲ ಸರಿ, ತಾನೇ ತಿದ್ದುವ ಕ್ವಿಜ್ ಸಾಫ್ಟ್‌ವೇರಿಗೆ ಎಲ್ಲ ತಪ್ಪು. ಕ್ಲಾಸಿನ ಅತಿ ಒಳ್ಳೆಯ ಕಿವಿಯ ಹುಡುಗಿಗೆ ಸೊನ್ನೆ ಬಂದು, ‘ಮೇಡಂ ನಂದೆಲ್ಲಿ ತಪ್ಪಾಯ್ತು’ ಅಂತ ಅವಳು ಕಳಿಸಿದ ಸ್ಕ್ರೀನ್‌ಶಾಟನ್ನೂ ನನ್ನ ಉತ್ತರವನ್ನೂ ಅಕ್ಕಪಕ್ಕ ಇಟ್ಟು ಎಷ್ಟು ದಿಟ್ಟಿಸಿದರೂ ವ್ಯತ್ಯಾಸ ಕಾಣಲಿಲ್ಲ. ಈಗ ನಾನು ಬಿಳಿ ಹಾಳೆಯಲ್ಲಿ ಕೈಯಲ್ಲಿ ಬರೆದು ಫೋಟೋ ಕಳಿಸಿ ಅನ್ನುತ್ತೇನೆ. ತಿದ್ದುವ ಕೆಲಸ ಜಾಸ್ತಿ, ಜಗಳ ಕಡಿಮೆ.

ಕೈಯಲ್ಲಿ ತಿದ್ದುವುದಕ್ಕೆ ಇನ್ನೊಂದು ಕಾರಣವೂ ಇದೆ. ಐದು ಧ್ವನಿಯ ಪದದಲ್ಲಿ ಮೊದಲನೆಯದು ಒಬ್ಬಳಿಗೆ ಕೇಳಿಸಲೇ ಇಲ್ಲ ಅಂದುಕೊಳ್ಳಿ. ಅವಳು ನಾಲ್ಕನ್ನು ಸರಿಯಾಗಿಯೇ ಬರೆದಿದ್ದಾಳೆ. ಸ್ಥಾನ ನೋಡಿ ಹೋಲಿಸುವ ಯಂತ್ರಕ್ಕೆ ಒಂದೂ ಸರಿ ಕಾಣುವುದಿಲ್ಲ, ಯಾಕೆಂದರೆ ಎಲ್ಲವೂ ಒಂದು ಮನೆ ಹಿಂದಕ್ಕೆ ಸರಿದಿವೆ. ಅಥವಾ ‘ಟ’ ಇರುವಲ್ಲಿ ಒಬ್ಬ ‘ಡ’ ಬರೆದ, ಇನ್ನೊಬ್ಬ ‘ಮ’ ಬರೆದ. ಇಬ್ಬರದೂ ತಪ್ಪೇ, ಆದರೆ ಒಂದೇ ತಪ್ಪಾ? ಮೊದಲನೆಯವನಿಗೆ ನಾಲಿಗೆ ಎಲ್ಲಿ ತಾಗಿತು ಅನ್ನುವುದು ಕೇಳಿಸಿದೆ, ಗಾಳಿ ಪೂರ್ತಿ ತಡೆದದ್ದೂ ಕೇಳಿಸಿದೆ, ಘೋಷ ಮಾತ್ರ ತಪ್ಪಿದೆ. ಎರಡನೆಯವನು ಬಹುಶಃ ನಿದ್ದೆ ಮಾಡುತ್ತಿದ್ದ. ನಾನು ನಾಲಿಗೆ ತಾಗುವ ಸ್ಥಾನಕ್ಕೆ, ಗಾಳಿ ತಡೆಯುವ ರೀತಿಗೆ, ಘೋಷಕ್ಕೆ ಬೇರೆಬೇರೆ ಅಂಕ ಕೊಡುತ್ತೇನೆ. ಹೀಗೆ ತಿದ್ದಿದರೆ ಯಾರಿಗೆ ಏನು ಕೇಳಿಸುತ್ತಿಲ್ಲ ಅನ್ನುವ ಪಟ್ಟಿಯೇ ಕೈಗೆ ಸಿಗುತ್ತದೆ, ಮುಂದಿನ ವಾರದ ಪಾಠ ಅದರಿಂದಲೇ.

ಬಾಯಿಯ ಪರೀಕ್ಷೆಗೆ ಬರೋಣ. ಲೈವ್ ವೈವಾ ನನಗೆ ಇಷ್ಟವಿಲ್ಲ. ಅರ್ಧ ಸಮಯ ‘ಕೇಳಿಸ್ತಿದೆಯಾ ಮೇಡಂ’ನಲ್ಲೇ ಹೋಗುತ್ತದೆ. ಸಿಂಧಿಯಲ್ಲಿರುವ, ಗಾಳಿ ಒಳಗೆಳೆದುಕೊಂಡು ಹೇಳುವ ‘ಬ’ವನ್ನು ಹೇಳಿಸುವಾಗ ಕರೆಕ್ಟಾಗಿ ಆ ಕ್ಷಣಕ್ಕೇ ಕಾಲ್ ತಡವರಿಸುತ್ತದೆ. ಎದುರು ಕೂರಿಸಿಕೊಂಡು ಮಾಡುವ ವೈವಾ ಕೂಡ ಅಷ್ಟೇನೂ ಚೆನ್ನಾಗಿರಲಿಲ್ಲ ಬಿಡಿ. ಹೊರಗಿನಿಂದ ಬಂದ ಎಕ್ಸಾಮಿನರ್‌ಗೆ ಬಸ್ಸಿನ ಟೈಮಾಗಿರುತ್ತದೆ, ಹುಡುಗ ಒಂದು ಸಲ ಹೇಳಿದ, ಗಾಳಿಯಲ್ಲಿ ಹೋಯಿತು, ನಂಬರ್ ಬಿತ್ತು. ಆಮೇಲೆ ಅದನ್ನು ಪ್ರಶ್ನಿಸುವ ದಾರಿಯೇ ಇಲ್ಲ. ರೆಕಾರ್ಡಿಂಗ್ ಆದರೆ ನಾನು ನಾಲ್ಕು ಸಲ ಕೇಳಬಹುದು, ಇನ್ನೊಬ್ಬರಿಗೆ ಕೇಳಿಸಬಹುದು. ಬರೆದ ಪತ್ರಿಕೆಗೆ ಮರುಮೌಲ್ಯಮಾಪನ ಇದೆ, ಹೇಳಿದ್ದಕ್ಕೂ ಇರಲಿ.

ಇದರಲ್ಲಿ ನನಗೆ ತುಂಬಾ ಖುಷಿ ಕೊಟ್ಟ ಪ್ರಯೋಗ ಒಂದಿದೆ. ಹಲ್ಲಿಗೆ ತಾಗುವ ‘ತ’, ಇಂಗ್ಲಿಷಿನವರ ಹಾಗೆ ಒಸಡಿಗೆ ತಾಗುವ ಧ್ವನಿ, ನಮ್ಮ ‘ಟ’, ಈ ಮೂರನ್ನು ನಿಮಗಿಷ್ಟ ಬಂದ ಕ್ರಮದಲ್ಲಿ ಹೇಳಿ ರೆಕಾರ್ಡ್ ಮಾಡಿ, ಕ್ರಮವನ್ನು ನನಗೊಬ್ಬಳಿಗೇ ತಿಳಿಸಿ ಅಂದೆ. ಆಮೇಲೆ ಆ ಫೈಲುಗಳನ್ನು ಹೆಸರಿಲ್ಲದೆ ಬೇರೆ ವಿದ್ಯಾರ್ಥಿಗಳಿಗೆ ಹಂಚಿ ಕ್ರಮ ಕಂಡುಹಿಡಿಯಿರಿ ಅಂದೆ. ಹೇಳಿದವರು ಸರಿಯಾಗಿ ಹೇಳಿದ್ದರೆ ಕೇಳಿದವರಿಗೆ ಗೊತ್ತಾಗಬೇಕಲ್ವಾ? ಒಂದೇ ಏಟಿಗೆ ಬಾಯಿಯ ಪರೀಕ್ಷೆ, ಕಿವಿಯ ಪರೀಕ್ಷೆ. ನನ್ನ ಅಭಿರುಚಿಯ ಹಂಗಿಲ್ಲ. ‘ಮೇಡಂ, ಅವರು ಹೇಳಿದ್ದು ಸರಿ ಇಲ್ಲ, ಅದಕ್ಕೇ ನನಗೆ ಮಾರ್ಕ್ಸ್ ಹೋಯ್ತು’ ಅಂತ ಜಗಳಗಳೂ ಬಂದವು. ಆಗ ಇಬ್ಬರನ್ನೂ ಪ್ರಾಟ್ ಮುಂದೆ ಕೂರಿಸಿದೆ. ಆಮ್‌ಸ್ಟರ್‌ಡ್ಯಾಮಿನ ಪೌಲ್ ಬೂರ್ಸ್ಮಾ, ಡೇವಿಡ್ ವೇನಿಂಕ್ ಅನ್ನುವವರು ಮಾಡಿ ಪುಕ್ಕಟೆಯಾಗಿ ಹಂಚುವ ಸಾಫ್ಟ್‌ವೇರ್ ಅದು, ಧ್ವನಿಯ ಚಿತ್ರ ತೋರಿಸುತ್ತದೆ. ‘ಟ’ದ ಪಕ್ಕದ ಸ್ವರದಲ್ಲಿ ಮೂರನೇ ಫಾರ್ಮಂಟ್ ಕೆಳಕ್ಕೆ ಬಾಗುತ್ತದೆ, ಅದು ಕಾಣುತ್ತದಾ ಇಲ್ಲವಾ ನೋಡಿ ಅಂದೆ. ಅವತ್ತು ಆ ಇಬ್ಬರು ಕಲಿತಷ್ಟು ಇಡೀ ಸೆಮಿಸ್ಟರಿನಲ್ಲಿ ಕಲಿತಿರಲಿಲ್ಲ.

ಯಾರು ಚೆನ್ನಾಗಿ ಮಾಡುತ್ತಾರೆ ಅನ್ನುವುದು ನನ್ನ ಊಹೆಯನ್ನೆಲ್ಲ ತಲೆಕೆಳಗು ಮಾಡಿತು. ಕಾನ್ವೆಂಟ್ ಇಂಗ್ಲಿಷಿಗೂ ಇದಕ್ಕೂ ಅಂಥ ಸಂಬಂಧ ಕಾಣಲಿಲ್ಲ. ಕನ್ನಡ ಮೀಡಿಯಂ ಮಕ್ಕಳು ಸ್ಥಾನ ಗುರುತಿಸುವುದರಲ್ಲಿ ಎಷ್ಟೋ ಸಲ ಮುಂದೆ, ಯಾಕೆಂದರೆ ವರ್ಗೀಯ ವ್ಯಂಜನಗಳು ಗಂಟಲಿಂದ ತುಟಿಯ ಕಡೆಗೆ ಕ್ರಮವಾಗಿ ಜೋಡಿಸಿಟ್ಟವು, ಆ ನಕ್ಷೆ ಅವರ ತಲೆಯಲ್ಲಿ ಆಗಲೇ ಇದೆ. ತುಳು ಮಾತಾಡುವವರಿಗೆ ತುಟಿ ದುಂಡಗೆ ಮಾಡದೆ ಹೇಳುವ ಉಕಾರದಂಥ ಸ್ವರ ಮನೆಯಿಂದಲೇ ಬಂದಿದೆ, ಕೊಡವ ತಕ್ಕಿನವರಿಗೂ ಅಂಥವು ಇವೆ. ಬಾಕಿಯವರು ವಾರಗಟ್ಟಲೆ ಒದ್ದಾಡುತ್ತಾರೆ. ಮಲಯಾಳಂ ಮನೆಯವರಿಗೆ ಹಲ್ಲು, ಒಸಡು, ಮೂರ್ಧನ್ಯ (ನಾಲಿಗೆ ಮಡಿಸಿ ಹೇಳುವುದು) ಅನ್ನುವ ಮೂರು ಬಗೆ ‘ನ’ಗಳು ಸಲೀಸು. ಕಲಬುರಗಿ, ಬೀದರ ಕಡೆಯ ದಖ್ಖನಿ ಉರ್ದು ಮನೆಯವರಿಗೆ ಗಂಟಲ ಹತ್ತಿರ ಉಜ್ಜಿ ಬರುವ ‘ಖ಼’ ಲೆಕ್ಕಕ್ಕೇ ಇಲ್ಲ. ಇನ್ನೊಂದು ಕಡೆ ‘ಅಕ್ಕಿ’ಗೂ ‘ಹಕ್ಕಿ’ಗೂ ವ್ಯತ್ಯಾಸ ಮಾಡದ ಹಳೇ ಮೈಸೂರಿನ ಹಳ್ಳಿಯಿಂದ ಬಂದ ಹುಡುಗನಿಗೆ ಹಕಾರ ಕೇಳಿಸುವುದೇ ಕಷ್ಟ. ಆಡುವ ಕನ್ನಡದಲ್ಲಿ ಮಹಾಪ್ರಾಣ ಅಷ್ಟಾಗಿ ಇಲ್ಲ ಅಂತ ಭಾಷಾ ವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಎಷ್ಟು ವರ್ಷ ಹೇಳಿದರು. ಅದನ್ನು ಒಪ್ಪದವರೂ ಒಂದು ಸಲ ಈ ಡಿಕ್ಟೇಷನ್ನಿನ ಉತ್ತರಗಳನ್ನು ನೋಡಬೇಕು.

ಹಾಗಾದರೆ ನ್ಯಾಯ ಯಾವುದು? ತುಳು ಹುಡುಗಿಗೆ ಪುಕ್ಕಟೆ ಸಿಕ್ಕ ಅಂಕವನ್ನು ಮೈಸೂರಿನ ಹುಡುಗ ಬೆವರು ಸುರಿಸಿ ಗಳಿಸಬೇಕಾ? ನಾನು ಕಂಡುಕೊಂಡ ಅರೆಬರೆ ದಾರಿ ಅಂದರೆ, ಧ್ವನಿಗಳನ್ನು ಒಂದೇ ಮನೆಯಿಂದ ತರದೇ ಇರುವುದು. ಅಮೆರಿಕದ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಫೊನೆಟಿಕ್ಸ್ ಲ್ಯಾಬ್ ಇನ್ನೂರಕ್ಕೂ ಹೆಚ್ಚು ಭಾಷೆಗಳ ರೆಕಾರ್ಡಿಂಗನ್ನು ಪುಕ್ಕಟೆಯಾಗಿ ಇಟ್ಟಿದೆ. ಅದರಲ್ಲಿ ನೀಲಗಿರಿಯ ತೋಡ ಇದೆ, ಕನ್ನಡಕ್ಕೆ ತೀರಾ ಹತ್ತಿರದ ಬಡಗ ಕೂಡ ಇದೆ. ಬಡಗದಲ್ಲಿ ನಾಲಿಗೆ ಮಡಿಸಿ ಹೇಳುವ ಸ್ವರಗಳು ಕೇಳಿಸುತ್ತವೆ. ಸ್ವರ, ಮೂರ್ಧನ್ಯ! ಮೊದಲ ಸಲ ಕೇಳಿದಾಗ ಇಡೀ ಕ್ಲಾಸು, ತುಳು, ಕೊಡವ, ಇಂಗ್ಲಿಷ್ ಯಾವ ಭೇದವಿಲ್ಲದೆ, ಕಣ್ಣರಳಿಸಿ ಕೂತಿತ್ತು. ಎಲ್ಲರೂ ಸೊನ್ನೆಯಿಂದ ಶುರು.

ಕಾಪಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಾಡುತ್ತಾರೆ, ಯಾಕೆ ಮಾಡಲ್ಲ? ಆದರೆ ಮಾತನ್ನು ಬರಹಕ್ಕೆ ಇಳಿಸುವ ಆ್ಯಪ್‌ಗಳಿಗೆ ಅರ್ಥವಿಲ್ಲದ ಪದ ಕೊಟ್ಟರೆ ಅವು ಅದನ್ನು ಯಾವುದಾದರೂ ಇರುವ ಪದವಾಗಿ ಬದಲಾಯಿಸಿಬಿಡುತ್ತವೆ, ಒಬ್ಬ ಹುಡುಗನ ಉತ್ತರದಲ್ಲಿ ನನ್ನ ಪದ ಒಂದು ಊರಿನ ಹೆಸರಾಗಿ ಬಂದಿತ್ತು. ಧ್ವನಿಯನ್ನು ನೇರವಾಗಿ ಸಂಕೇತಕ್ಕೆ ಇಳಿಸುವ ಮಾದರಿಗಳೂ ಈಗ ಇವೆ, ಮುಂದೆ ಚೆನ್ನಾಗಿಯೇ ಕೆಲಸ ಮಾಡಬಹುದು. ಫ್ರೆಂಡಿಗೆ ಫೋನ್ ಮಾಡಿ ಕೇಳುವುದಂತೂ ಇದ್ದೇ ಇದೆ. ಒಬ್ಬೊಬ್ಬರಿಗೆ ಬೇರೆಬೇರೆ ಪದ ಕೊಟ್ಟರೆ ಅದು ಅರ್ಧ ನಿಲ್ಲುತ್ತದೆ. ಎಷ್ಟು ಸಲ ಬೇಕಾದರೂ ಕೇಳಿ ಅಂತ ನಾನೇ ಬಿಟ್ಟಿದ್ದೇನೆ, ಯಾಕೆಂದರೆ ನೆನಪಿನ ಶಕ್ತಿ ಅಳೆಯುವುದು ನನ್ನ ಕೆಲಸ ಅಲ್ಲ. ಕ್ಯಾಮೆರಾ ಆನ್ ಇಟ್ಟುಕೊಂಡು ಕೂರಿ ಅನ್ನುವ ಪೊಲೀಸ್ ಕೆಲಸವೂ ನನಗೆ ಆಗದು.

ಈಗ ಸೆಮಿಸ್ಟರ್ ಪರೀಕ್ಷೆ ಮತ್ತೆ ಕಾಗದಕ್ಕೆ ಹೋಗಿದೆ, ಚಿತ್ರ ಬರೆದು ಭಾಗ ಗುರುತಿಸಿ ಅನ್ನುವ ಪ್ರಶ್ನೆಯೂ ವಾಪಸ್ ಬಂದಿದೆ. ನನ್ನ ಕೈಯಲ್ಲಿ ಉಳಿದಿರುವುದು ಇಂಟರ್ನಲ್ಸ್ ಅಂಕಗಳು ಮಾತ್ರ. ಅವನ್ನು ಪೂರ್ತಿ ಕಿವಿಗೂ ಬಾಯಿಗೂ ಕೊಡುತ್ತೇನೆ, ಆನ್‌ಲೈನಲ್ಲೇ. ಕ್ಲಾಸಿನಲ್ಲಿ ನಾನೇ ನಿಂತು ಡಿಕ್ಟೇಷನ್ ಕೊಟ್ಟರೆ ಹಿಂದಿನ ಬೆಂಚಿಗೂ ಮುಂದಿನ ಬೆಂಚಿಗೂ ಕೇಳಿಸುವುದು ಒಂದೇ ಅಲ್ಲ, ಇಯರ್‌ಫೋನಿನಲ್ಲಿ ಎಲ್ಲರೂ ಮುಂದಿನ ಬೆಂಚೇ.

ಇನ್ನೂ ಬಗೆಹರಿಯದ್ದು ಒಂದಿದೆ. ಅರ್ಥವಿಲ್ಲದ ಪದಗಳ ರೆಕಾರ್ಡಿಂಗ್‌ಗಳಲ್ಲೆಲ್ಲ ಇರುವುದು ನನ್ನದೇ ದನಿ. ವರ್ಷದ ಕೊನೆಗೆ ಮಕ್ಕಳು ಧ್ವನಿಗಳನ್ನು ಗುರುತಿಸುತ್ತಿದ್ದಾರಾ ಅಥವಾ ನಾನು ‘ಭ’ ಹೇಳುವ ಮುಂಚೆ ಉಸಿರು ತಗೊಳ್ಳುವ ರೀತಿಯನ್ನು ಗುರುತಿಸುತ್ತಿದ್ದಾರಾ ಅಂತ ಅನುಮಾನ ಬರುತ್ತದೆ. ಫೊನೆಟಿಕ್ಸ್ ಕಲಿಸುವ ಯಾರಾದರೂ ಇದನ್ನು ಓದುತ್ತಿದ್ದರೆ, ಅದರಲ್ಲೂ ಗಂಡಸರ ದನಿ, ವಯಸ್ಸಾದವರ ದನಿ ಇದ್ದರೆ, ಅರ್ಥವಿಲ್ಲದ ಇಪ್ಪತ್ತು ಪದ ಹೇಳಿ ವೇವ್ ಫೈಲಾಗಿ ಕೊಡುತ್ತೀರಾ? ನನ್ನ ಹತ್ತಿರ ಇರುವ ಅಷ್ಟನ್ನೂ ನಾನು ಕೊಡುತ್ತೇನೆ. ಫ್ಯಾನ್ ಮಾತ್ರ ಆಫ್ ಮಾಡಿಕೊಳ್ಳಿ.